ಹಿತ್ತಲ ಕೋಬಿಗೆ ಬಲೆಯ ಕಾವಲು



ಹಿಂಗಾರಿಯಲ್ಲಿ ನಮ್ಮ ಭಾಗದ ಅನೇಕ ಸಭಾಸದರು ಬಾವಿಯ ಬದಿಗೆ ಇಲ್ಲವೆ ಕಬ್ಬಿನ ಕಾಲುವೆಯ ಅಂಚಿಗೆ ಮನೆಖರ್ಚಿಗೆಂದು ಹತ್ತಿಪ್ಪತ್ತು ಕೋಬಿ, ಹೂಕೋಸು, ನವಿಲುಕೋಸಿನ ಸಸಿ ಹಚ್ಚುವುದುಂಟು. ಇವುಗಳಿಗೆ ಹುಳ ಬಿದ್ದಾಗ ಹೊಲಕ್ಕೆ ತಂದು ಉಳಿದ ಔಷಧವನ್ನೇ ಅದೇ ಪಂಪಿನಿಂದ ಹೊಡೆದು ಬಿಡುತ್ತಾರೆ. ಇದರಿಂದ ಎರಡು ಅಪಾಯಗಳಿವೆ.

ಮೊದಲನೆಯದು, ಕೋಬಿಯ ಎಲೆಗಳು ಒಂದರ ಮೇಲೊಂದು ಸುತ್ತಿಕೊಳ್ಳುತ್ತವೆ. ಪದರುಗಳ ಒಳಗೆ ಸೇರಿದ ವಿಷ ಮೇಲೆ ತೊಳೆದರೆ ಹೋಗುವುದಿಲ್ಲ; ಮಕ್ಕಳ ಹೊಟ್ಟೆಗೆ ಹೋಗುತ್ತದೆ. ಮೊನೊಕ್ರೊಟೊಫಾಸ್ ಔಷಧವನ್ನು ತರಕಾರಿಗೆ ಬಳಸಬಾರದೆಂದು ಸರಕಾರ 2005ರಲ್ಲಿಯೇ ನಿಷೇಧಿಸಿದೆ. ಎರಡನೆಯದು, ಕಬ್ಬಿನ ಕಳೆಗೆ ಹೊಡೆಯುವ 2,4-ಡಿ ಪಂಪಿನಲ್ಲಿ ಸ್ವಲ್ಪ ಉಳಿದಿದ್ದರೂ ಅಗಲ ಎಲೆಯ ಕೋಬಿ ಸುರುಟಿಕೊಂಡು ಕೆಡುತ್ತದೆ.

ಹತ್ತಿಪ್ಪತ್ತು ಗಿಡಗಳಿಗೆ ಔಷಧಕ್ಕಿಂತ ಬಲೆಯೇ ಮೇಲು.

ಹುಳ ಯಾವುದು?

ಕೋಬಿಯ ಮುಖ್ಯ ಶತ್ರು ವಜ್ರಬೆನ್ನಿನ ಪತಂಗ. ರೆಕ್ಕೆ ಮಡಚಿ ಕುಳಿತಾಗ ಬೆನ್ನ ಮೇಲೆ ವಜ್ರದಾಕಾರದ ಬಿಳಿಚಿದ ಗುರುತು ಕಾಣುತ್ತದೆ. ಹಗಲು ಎಲೆಯ ಮರೆಯಲ್ಲಿದ್ದು ಸಂಜೆಯಾಗುತ್ತಲೇ ಹಾರಾಡಿ ಎಲೆಗಳ ಮೇಲೆ ತತ್ತಿ ಇಡುತ್ತದೆ. ಇದರ ಹಸಿರು ಕೀಡೆ ಎಲೆಯ ಕೆಳಭಾಗವನ್ನು ಕೆರೆದು ತಿಂದು ತೆಳು ಪೊರೆ ಮಾತ್ರ ಉಳಿಸುತ್ತದೆ. ಮುಟ್ಟಿದರೆ ಮಿಡುಕಾಡಿ ನೂಲು ಬಿಟ್ಟು ಕೆಳಗಿಳಿಯುತ್ತದೆ.

ಬೆಚ್ಚಗಿನ ಹವೆಯಲ್ಲಿ ಸುಮಾರು ಎರಡು ಮೂರು ವಾರಗಳಿಗೊಂದು ಪೀಳಿಗೆ ತಯಾರಾಗುವುದರಿಂದ ಈ ಹುಳ ಔಷಧಗಳಿಗೆ ಬೇಗ ಒಗ್ಗಿಕೊಳ್ಳುತ್ತದೆ. ಡಿ.ಡಿ.ಟಿ.ಗೆ ಇದು ಬಗ್ಗುವುದಿಲ್ಲವೆಂದು 1953ರಲ್ಲಿಯೇ ಜಾವಾ ದ್ವೀಪದಿಂದ ವರದಿಯಾಗಿತ್ತು. ನಂತರ ಬಂದ ಅನೇಕ ಔಷಧಗಳ ಗತಿಯೂ ಅದೇ ಆಯಿತು. ಬಲೆಗೆ ಮಾತ್ರ ಹುಳ ಒಗ್ಗಿಕೊಳ್ಳಲಾರದು.

ಎಂಥ ಬಲೆ ಬೇಕು?

ಕೀಟ ತಡೆಯುವ 40 ಮೆಶ್ಶಿನ ಬಿಳಿ ನೈಲಾನ್ ಬಲೆ ಕೇಳಿ ಪಡೆಯಬೇಕು. 40 ಮೆಶ್ ಎಂದರೆ ಒಂದು ಅಂಗುಲದ ಉದ್ದದಲ್ಲಿ 40 ಕಣ್ಣುಗಳು. ನೆರಳಿಗೆ ಕಟ್ಟುವ ಹಸಿರು ಬಲೆ ಇದಕ್ಕೆ ಬಾರದು; ಅದು ಬಿಸಿಲನ್ನು ತಡೆದು ಹುಳವನ್ನು ಬಿಡುತ್ತದೆ. ಹಳೆಯ ಸೀರೆಯಿಂದಲೂ ಬೆಳಕು ಕಡಿಮೆಯಾಗಿ ಗಡ್ಡೆ ಕಟ್ಟುವುದಿಲ್ಲ. ಔಷಧ ಸವರಿದ ಸೊಳ್ಳೆಪರದೆಯನ್ನು ತರಕಾರಿಯ ಮೇಲೆ ಹಾಕಲೇಬಾರದು.

ಮಡಿ ಮತ್ತು ಕಮಾನು

4 ಫೂಟು ಅಗಲ, 10 ಫೂಟು ಉದ್ದದ ಮಡಿ ಮಾಡಿಕೊಳ್ಳಿರಿ. 8 ಫೂಟು ಉದ್ದದ ಐದು ಬಿದಿರಿನ ಸೀಳುಗಳನ್ನು ಎರಡೂವರೆ ಫೂಟಿಗೊಂದರಂತೆ ಬಗ್ಗಿಸಿ, ಎರಡೂ ತುದಿಗಳನ್ನು ಮುಕ್ಕಾಲು ಫೂಟು ನೆಲದಲ್ಲಿ ಊರಿದರೆ ನಡುವೆ ಸುಮಾರು 2 ಫೂಟು ಎತ್ತರದ ಕಮಾನು ಆಗುತ್ತದೆ. ಇದಕ್ಕೆ 8 ಫೂಟು ಅಗಲ, 16 ಫೂಟು ಉದ್ದದ ಬಲೆ ಸಾಕು. ಎರಡು ಸಾಲುಗಳಲ್ಲಿ ಒಂದೂವರೆ ಫೂಟಿಗೊಂದರಂತೆ 12 ಸಸಿಗಳನ್ನು ಮಡಿಯ ನಡುಭಾಗಕ್ಕೆ ಹಚ್ಚಬೇಕು. ಹೆಚ್ಚು ಸಸಿಗಳ ಆಸೆ ಬೇಡ. ಎಲೆ ಬಲೆಗೆ ತಾಗಿದರೆ ಪತಂಗ ಹೊರಗಿನಿಂದಲೇ ಅದರ ಮೇಲೆ ತತ್ತಿ ಇಡುತ್ತದೆ.

ಮುಚ್ಚುವ ದಿನವೇ ಮುಖ್ಯ

ಹುಳ ಕಂಡ ಮೇಲೆ ಬಲೆ ಹಾಕಿದರೆ ಅದು ಹುಳಕ್ಕೇ ಮನೆ ಕಟ್ಟಿಕೊಟ್ಟಂತೆ. ಹುಳವನ್ನು ತಿನ್ನುವ ಹಕ್ಕಿಗಳು ಮತ್ತು ಅದರ ಮೈಯಲ್ಲಿ ತತ್ತಿ ಇಡುವ ಸಣ್ಣ ಕಣಜಗಳು ಹೊರಗುಳಿಯುತ್ತವೆ. ಹುಳ ಒಳಗೆ ನಿಶ್ಚಿಂತೆಯಿಂದ ಬೆಳೆಯುತ್ತದೆ. ಆದುದರಿಂದ:

1. ಬೀಜ ಹಾಕಿದ ದಿನದಿಂದಲೇ ಸಸಿಮಡಿಗೂ ಬಲೆ ಮುಚ್ಚಬೇಕು.
2. ಹಚ್ಚುವ ಮುನ್ನ ಪ್ರತಿ ಸಸಿಯ ಎಲೆ ತಿರುವಿ ನೋಡಿ, ತತ್ತಿ, ಕೀಡೆ, ಹೇನು ಇದ್ದ ಸಸಿಗಳನ್ನು ಬಿಡಬೇಕು.
3. ಹೋದ ಸಲ ಕೋಬಿ ಇದ್ದ ಮಡಿಯಲ್ಲಿ ಮತ್ತೆ ಕೋಬಿ ಬೇಡ. ಮಣ್ಣಿನಲ್ಲಿ ಉಳಿದ ತಂಬಾಕು ಕೀಡೆಯ ಕೋಶಗಳಿಂದ ಪತಂಗ ಬಲೆಯೊಳಗೇ ಹೊರಬರುತ್ತದೆ.
4. ಸಸಿ ಹಚ್ಚಿದ ದಿನವೇ, ಹೊತ್ತು ಮುಳುಗುವ ಮೊದಲು ಬಲೆ ಮುಚ್ಚಿ ನಾಲ್ಕೂ ಬದಿಯ ಅಂಚನ್ನು ಮಣ್ಣಿನಲ್ಲಿ ಹೂಳಬೇಕು.

ಮುಂದಿನ ಕಾಳಜಿ

ಸೌತೆ, ಹೀರೆಗಳಿಗೆ ಕಾಯಿ ಹಿಡಿಯಲು ದುಂಬಿ, ಜೇನು ಬೇಕು. ಕೋಬಿಯಲ್ಲಿ ನಾವು ತಿನ್ನುವುದು ಎಲೆ. ಅದಕ್ಕೆ ಇವುಗಳ ಅವಶ್ಯಕತೆಯಿಲ್ಲ. ಹೀಗಾಗಿ ಗಡ್ಡೆ ಕೊಯ್ಯುವವರೆಗೂ ಬಲೆ ಇರಬಹುದು. ನೀರನ್ನು ಬಲೆಯ ಮೇಲಿನಿಂದಲೇ ಝಾರಿಯಿಂದ ಹಾಕಿರಿ. ಕಾಲುವೆ ಬಿಡಲು ಅಂಚು ಎತ್ತಿದರೆ ಸಂದಿ ಉಳಿಯುತ್ತದೆ. ಎಂಟು ಹತ್ತು ದಿನಗಳಿಗೊಮ್ಮೆ ಮಧ್ಯಾಹ್ನ ಬಲೆ ತೆಗೆದು ಕಳೆ ಕಿತ್ತು, ಎಲೆ ನೋಡಿ, ಕೂಡಲೇ ಮುಚ್ಚಬೇಕು. ತಂಬಾಕು ಕೀಡೆಯ ಪತಂಗ ಬಲೆಯ ಮೇಲೆಯೇ ಕಂದು ರೋಮ ಮುಚ್ಚಿದ ತತ್ತಿಗಳ ಗುಂಪು ಇಡುವುದುಂಟು. ಅದನ್ನು ಉಜ್ಜಿ ತೆಗೆಯಿರಿ. ಇಲ್ಲದಿದ್ದರೆ ಮರಿಗಳು ಕಣ್ಣುಗಳಿಂದ ಒಳಗಿಳಿಯುತ್ತವೆ.

ಬಲೆ ಎಲ್ಲವನ್ನೂ ತಡೆಯುವುದಿಲ್ಲ. ಹೇನು ಸೇರಿಕೊಂಡರೆ ನೀರಿನಿಂದ ರಭಸವಾಗಿ ತೊಳೆದು, 40 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ತುಸು ಸಾಬೂನು ಬೆರೆಸಿ ಸಂಜೆ ಸಿಂಪಡಿಸಿರಿ. ಇದಕ್ಕೆ ಬೇರೆಯೇ ಕೈಪಂಪು ಇರಲಿ. ಪಕ್ಕದ ಕಬ್ಬಿಗೆ ಕಳೆನಾಶಕ ಹೊಡೆಯುವಾಗ ಗಾಳಿಗೆ ಬರುವ ತುಂತುರನ್ನೂ ಬಲೆ ತಡೆಯದು. ಗಾಳಿ ಮಡಿಯ ಕಡೆಗೆ ಬೀಸುವಾಗ ಔಷಧ ಹೊಡೆಯಬೇಡಿರಿ.

ಕಬ್ಬಿನಲ್ಲಿ ಕೋಬಿ ಹಾಕಿದವರಿಗೆ

ಪೂರ್ವಹಂಗಾಮಿ ಕಬ್ಬಿನ ಸಾಲುಗಳಲ್ಲಿ ಕೋಬಿ ಬೆಳೆಯುವವರಿಗೆ ಬಲೆ ಹೊಂದದು. ಕೇವಲ ಕೋಬಿ ಬೆಳೆಯುವ ಹೊಲಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಾಸಿವೆಯ ಉಪಾಯ ಹೇಳಿದೆ. 25 ಸಾಲು ಕೋಬಿಗೆ ಎರಡು ಸಾಲು ಸಾಸಿವೆ: ಒಂದನ್ನು ಸಸಿ ಹಚ್ಚುವ 15 ದಿನ ಮೊದಲು, ಇನ್ನೊಂದನ್ನು ಹಚ್ಚಿದ 25 ದಿನಗಳ ನಂತರ ಬಿತ್ತಬೇಕು. ಪತಂಗ ಸಾಸಿವೆಗೇ ಹೆಚ್ಚು ಬರುತ್ತದೆ. ಹುಳವನ್ನು ಅಲ್ಲಿಯೇ ಕೊಲ್ಲಬಹುದು. ಕಬ್ಬಿನ ಸಾಲುಗಳಲ್ಲಿಯೂ ಇದೇ ತತ್ವವನ್ನು ಅನುಸರಿಸಿ ನೋಡಬಹುದು.

ಸಭಾಸದರು ಈ ಹಂಗಾಮಿನಲ್ಲಿ ಒಂದು ಮಡಿಗಾದರೂ ಬಲೆ ಹಾಕಿ ನೋಡಬೇಕು. ಮೂರು ವಾರ ಬಿಟ್ಟು ಇನ್ನೊಂದು ಮಡಿ ಮಾಡಿದರೆ ಮನೆಗೆ ಸರದಿಯಿಂದ ಕೋಬಿ ಸಿಗುತ್ತದೆ. ಕೊಯ್ಲಾದ ಮೇಲೆ ಬಲೆಯನ್ನು ತೊಳೆದು, ನೆರಳಲ್ಲಿ ಒಣಗಿಸಿ, ಇಲಿ ಹತ್ತದಂತೆ ಕಟ್ಟಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ.