ಎಲ್ಲ ಕಸಕ್ಕೂ ಒಂದೇ ಕವರ್!

ಬೆಂಗಳೂರಿನ ಬಹಳಷ್ಟು ಪಿ.ಜಿ.ಗಳಲ್ಲಿ ಮಂಚಗಳ ಸಂಖ್ಯೆ ಎಷ್ಟೇ ಇರಲಿ, ಕಸದ ಡಬ್ಬ ಮಾತ್ರ ಮಹಡಿಗೊಂದೇ. ರಾತ್ರಿ ಆರ್ಡರ್ ಮಾಡಿದ ಬಿರಿಯಾನಿಯ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಉಳಿದ ಅರ್ಧ ಅನ್ನ, ಬಿಚ್ಚದ ಸಾಸ್ ಪೊಟ್ಟಣ, ಬಾಳೆಹಣ್ಣಿನ ಸಿಪ್ಪೆ, ಶೇವಿಂಗ್ ಬ್ಲೇಡ್, ಕಳೆದ ಸೆಮಿಸ್ಟರಿನ ಜೆರಾಕ್ಸ್ ನೋಟ್ಸ್ ಎಲ್ಲವೂ ಅದರೊಳಗೆ ಸಹಬಾಳ್ವೆ ನಡೆಸುತ್ತವೆ. ಬೆಳಿಗ್ಗೆ ಯಾರೋ ಕವರಿಗೆ ಗಂಟು ಹಾಕಿ ಗೇಟಿನ ಬಳಿ ಇಡುತ್ತಾರೆ. ಟಿಪ್ಪರ್ ಬಂದು ಒಯ್ಯುತ್ತದೆ. ನಮ್ಮ ಪಾಲಿಗೆ ಕಥೆ ಅಲ್ಲಿಗೆ ಮುಗಿಯಿತು.

ಮಂಡೂರಿನವರ ಪಾಲಿಗೆ ಕಥೆ ಅಲ್ಲಿಂದಲೇ ಶುರುವಾಗುತ್ತಿತ್ತು. ಬೆಂಗಳೂರಿನ ಪೂರ್ವಕ್ಕಿರುವ ಈ ಹಳ್ಳಿಗೆ ವರ್ಷಗಟ್ಟಲೆ ನಗರದ ಕಸದ ಲಾರಿಗಳು ಸಾಲುಗಟ್ಟಿ ಹೋದವು. ಅಲ್ಲಿ ಬೆಳೆದು ನಿಂತದ್ದು ಕಸದ ಬೆಟ್ಟ. ನೊಣ, ನಾತ, ಹಾಳಾದ ನೀರು ತಡೆಯಲಾರದೆ ಜನ ಬೀದಿಗಿಳಿದರು, ಲಾರಿ ತಡೆದರು. ಕೊನೆಗೆ 2014ರ ಡಿಸೆಂಬರಿನಿಂದ ಅಲ್ಲಿಗೆ ಕಸ ಹೋಗುವುದು ನಿಂತಿತು. ಅದಕ್ಕೂ ಮುಂಚೆ, 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ನಗರದ ಮೂಲೆಮೂಲೆಯಲ್ಲೂ ಕಸ ರಾಶಿಬಿದ್ದಿತ್ತು. ಆಗಲೇ ‘ಹಸಿ ಕಸ, ಒಣ ಕಸ’ ಎಂಬ ಮಾತು ಮನೆಮಾತಾಗಿದ್ದು. ಮಾತೇನೋ ಮನೆಗೆ ಬಂತು, ಎರಡನೇ ಡಬ್ಬ ಎಲ್ಲ ಕಡೆ ಬರಲಿಲ್ಲ.

ಕಸ ಬೆರೆತರೆ ಏನು ಮಹಾ? ಬಾಳೆಹಣ್ಣಿನ ಸಿಪ್ಪೆ ಗಾಳಿ ಸಿಗುವ ಕಡೆ ಬಿದ್ದರೆ ಕೊಳೆತು ಗೊಬ್ಬರವಾಗುತ್ತದೆ. ಅದೇ ಸಿಪ್ಪೆ ಗಂಟು ಕಟ್ಟಿದ ಕವರಿನೊಳಗೆ, ಟನ್‌ಗಟ್ಟಲೆ ಕಸದಡಿ ಸಿಕ್ಕಿಕೊಂಡರೆ ಗಾಳಿಯಿಲ್ಲದೆ ಕೊಳೆತು ಮೀಥೇನ್ ಅನಿಲ ಬಿಡುತ್ತದೆ. ಕಸದ ಗುಡ್ಡೆಗಳು ಆಗಾಗ ಹೊತ್ತಿ ಉರಿಯುವುದಕ್ಕೆ ಇದೂ ಒಂದು ಕಾರಣ. ಕೊಳೆತದ್ದರಿಂದ ಒಸರುವ ಕಪ್ಪು ದ್ರವ ನೆಲಕ್ಕಿಳಿದು ಬಾವಿ, ಬೋರ್‌ವೆಲ್‌ಗಳ ನೀರನ್ನು ಸೇರುತ್ತದೆ. ಇತ್ತ ಸಾರು ಮೆತ್ತಿದ ಹಾಳೆ, ರಟ್ಟನ್ನು ಗುಜರಿಯವನೂ ಮುಟ್ಟುವುದಿಲ್ಲ. ಬೇರೆಬೇರೆ ಇದ್ದಾಗ ಒಂದು ಗೊಬ್ಬರ, ಇನ್ನೊಂದು ಕಾಸು. ಬೆರೆತಾಗ ಎರಡೂ ಅಲ್ಲ.

ನಮ್ಮ ಹಿರಿಯರಿಗೆ ಇದೇನೂ ಹೊಸದಲ್ಲ. ಇಂದು ನಾವು ಬೈಗುಳದಂತೆ ಬಳಸುವ ‘ತಿಪ್ಪೆ’ ರೈತನ ಆಸ್ತಿಯಾಗಿತ್ತು. ಸಗಣಿ, ಬೂದಿ, ಸಿಪ್ಪೆ, ಕಸಕಡ್ಡಿ ಕೊಳೆತು ಮಳೆಗೆ ಮುಂಚೆ ಗಾಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಹಾಗಂತ ಹಳ್ಳಿಯೆಲ್ಲ ಪರಿಶುದ್ಧ ಎಂದು ಹಾಡಿ ಹೊಗಳುವ ಕಾಲ ಇದಲ್ಲ. ಈಗ ತಿಪ್ಪೆಗೊಬ್ಬರದ ಜತೆ ಶಾಂಪೂ ಪೊಟ್ಟಣ, ಗುಟ್ಕಾ ಚೀಟಿಗಳೂ ಹೊಲ ಸೇರುತ್ತಿವೆ.

ಇನ್ನು ಆ ಅರ್ಧ ಡಬ್ಬಿ ಅನ್ನದ ವಿಚಾರ. ಒಂದು ಕಿಲೋ ಅಕ್ಕಿ ಬೆಳೆಯಲು ಸಾವಿರಾರು ಲೀಟರ್ ನೀರು ಬೇಕು. ಅದನ್ನು ಬೇಯಿಸುವ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಪಂಪ್ ಆಗಿ, ಎತ್ತರದ ಬೆಂಗಳೂರಿಗೆ ಏರಿ ಬರಬೇಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ಮನೆಗಳದ್ದೇ. ಮದುವೆ ಮನೆಯ ಎಂಜಲೆಲೆ ನೋಡಿ ‘ಅಯ್ಯೋ’ ಎನ್ನುವ ನಾವು ದಿನಾ ಚೆಲ್ಲುವುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

‘ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯವರು ಒಟ್ಟಿಗೇ ಸುರಿಯುತ್ತಾರೆ, ಸುಮ್ಮನೆ ಯಾಕೆ?’ ಇದು ಗೆಳೆಯರ ವಲಯದಲ್ಲಿ ಸದಾ ಕೇಳುವ ಮಾತು. ಕೆಲವು ಬೀದಿಗಳಲ್ಲಿ ಅದು ನಿಜವೂ ಹೌದು. ಆದರೆ ಒಣ ಕಸ ಟಿಪ್ಪರನ್ನೇ ಹತ್ತಬೇಕೆಂದಿಲ್ಲವಲ್ಲ? ಡಬ್ಬಿಯನ್ನು ಒಮ್ಮೆ ತೊಳೆದು, ಬಾಟಲಿ, ರಟ್ಟು, ಹಾಳೆಗಳ ಜತೆ ಚೀಲದಲ್ಲಿ ಕೂಡಿಟ್ಟರೆ ತಿಂಗಳಿಗೊಮ್ಮೆ ಗುಜರಿ ಅಂಗಡಿಗೋ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೋ ಕೊಡಬಹುದು. ಬರುವ ಕಾಸು ರೂಮಿನವರ ಟೀಗಾದರೂ ಆದೀತು. ಕಸ ಬೇರ್ಪಡಿಸಿ ಕೊಡಬೇಕೆಂದು ಘನತ್ಯಾಜ್ಯ ನಿರ್ವಹಣಾ ನಿಯಮವೇ ಹೇಳಿದೆ. ಹಾಗಾಗಿ ಮಹಡಿಗೆ ಇನ್ನೆರಡು ಡಬ್ಬ ಇಡಿ ಎಂದು ಪಿ.ಜಿ. ಮಾಲೀಕರನ್ನು ಕೇಳಲು ಸಂಕೋಚವೇನೂ ಬೇಡ. ವೈಫೈ ನಿಧಾನವಾದರೆ ಎಷ್ಟು ಜೋರಾಗಿ ಕೇಳುತ್ತೇವೋ ಅಷ್ಟೇ ಜೋರಾಗಿ ಕೇಳಿದರೆ ಸಾಕು.

ಅಂದಹಾಗೆ, ಆ ಮೂರನೇ ಡಬ್ಬ ಬ್ಲೇಡ್, ಒಡೆದ ಗಾಜು, ಬ್ಯಾಂಡೇಜ್, ಸ್ಯಾನಿಟರಿ ಪ್ಯಾಡ್‌ಗಳಿಗೆ. ಅವನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಕೊಡಬೇಕು. ಏಕೆಂದರೆ ಗಂಟು ಕಟ್ಟಿದ ಕವರನ್ನು ಬಿಚ್ಚಿ ಒಳಗೆ ಕೈ ಹಾಕುವುದು ಯಂತ್ರವಲ್ಲ. ಎಷ್ಟೋ ಸಲ ಗ್ಲೌಸ್ ಕೂಡ ಇಲ್ಲದ ಪೌರಕಾರ್ಮಿಕರು.