‘ನೈಸ್’ ಎಂಬ ನುಡಿಯ ಕಥೆ

ಇಟ್ಟಮಡುವಿನ ಹಿಟ್ಟಿನ ಗಿರಣಿಯೊಂದರ ಮುಂದೆ ಅರ್ಧ ಗಳಿಗೆ ನಿಂತರೆ ಸಾಕು. ಒಂದು ಆಂಗ್ಲ ಪದವು ನಮ್ಮ ಮನೆಮಾತಾಗಿ ಹೋಗಿರುವ ಬಗೆಯು ತಿಳಿಯುವುದು. “ಚಕ್ಕುಲಿಗೆ ಬೇಕು, ನೈಸಾಗಿ ಬೀಸಿಕೊಡಿ” ಎನ್ನುವರು ಒಬ್ಬ ತಾಯಿ. “ಅಜ್ಜೀನ ನೈಸ್ ಮಾಡಿ ಹತ್ತು ರೂಪಾಯಿ ಇಸ್ಕೊಂಡೆ” ಎಂದು ಬಾಲಕನೊಬ್ಬನು ಗೆಳೆಯನಿಗೆ ಹೇಳಿಕೊಳ್ಳುವನು. ಅಷ್ಟರಲ್ಲಿ ಮತ್ತೊಬ್ಬರು, ಮಗಳಿಗೆ ನೋಡಿದ ವರನ ವಿಷಯವಾಗಿ, “ಹುಡುಗ ಬಹಳ ನೈಸ್ ಅಂತೆ ಕಣ್ರೀ” ಎನ್ನುವರು. ಪದವೊಂದು, ಅರ್ಥ ಮೂರು: ನುಣುಪು, ಪುಸಲಾವಣೆ, ಒಳ್ಳೆಯತನ.

ಈ ಪದದ ಜನ್ಮವೃತ್ತಾಂತವು ವಿನೋದಕರವಾಗಿದೆ. ಲ್ಯಾಟಿನ್ ಭಾಷೆಯಲ್ಲಿ ‘ನೆ’ ಎಂಬುದು ನಿಷೇಧವಾಚಕ. ‘ಸ್ಕೀರೆ’ ಎಂದರೆ ಅರಿಯುವುದು. ಇವುಗಳಿಂದಾದ ‘ನೆಸ್ಕಿಯುಸ್’ ಎಂಬುದಕ್ಕೆ ಅಜ್ಞನೆಂದರ್ಥ. ಅದು ಹಳೆಯ ಫ್ರೆಂಚಿನ ಮಾರ್ಗವಾಗಿ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ, ‘ನೈಸ್’ ಎನಿಸಿಕೊಂಡವನು ಮೂಢನೇ ಆಗಿದ್ದನು! ಮುಂದೆ ಅದೇ ಪದಕ್ಕೆ ಅತಿ ನಾಜೂಕಿನ, ಸುಲಭವಾಗಿ ತೃಪ್ತಿಪಡದ, ಸೂಕ್ಷ್ಮವಾದ ಎಂಬ ಅರ್ಥಗಳು ಬೆಳೆದವು. 18ನೆಯ ಶತಮಾನದ ಉತ್ತರಾರ್ಧದಲ್ಲಿ ‘ಹಿತವಾದ’ ಎಂಬ ಅರ್ಥವು ಬಳಕೆಗೆ ಬಂದಿತು. 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನ್ನಳ ‘ನಾರ್ತ್ಯಾಂಗರ್ ಅಬ್ಬೆ’ ಕಾದಂಬರಿಯಲ್ಲಿ ನಾಯಕನು, ಎಲ್ಲಕ್ಕೂ ಈ ಒಂದೇ ಪದವನ್ನು ಹಚ್ಚುವುದನ್ನು ಕಂಡು ಪರಿಹಾಸ ಮಾಡುತ್ತಾನೆ.

ಕನ್ನಡಕ್ಕೆ ಬಂದ ಮೇಲೆ ಇದು ಹೊಸ ಜನ್ಮವನ್ನೇ ತಾಳಿದೆ. ನುಣುಪು, ಮೃದುತ್ವ, ವಿನಯ ಎಂಬರ್ಥಗಳುಳ್ಳ ‘ನಯ’ ಎಂಬ ಪದವು ನಮ್ಮಲ್ಲಿ ಮೊದಲೇ ಇದ್ದಿತು. ಅದರ ಧ್ವನಿಸಾಮ್ಯವು ಹೊಸ ನುಡಿಗೆ ಹಾದಿಮಾಡಿ ಕೊಟ್ಟಿರಬಹುದು. ನಗರದ ‘ನೈಸ್ ರಸ್ತೆ’ಯ ಹೆಸರಾದರೋ ಬೇರೆಯೇ ಮೂಲದ್ದು, ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್ ಎಂಬ ಸಂಸ್ಥೆಯ ಇಂಗ್ಲಿಷ್ ಮೊದಲಕ್ಷರಗಳಿಂದಾದುದು.

ಪರಭಾಷೆಯ ಪದವು ಬಂದುದಕ್ಕಾಗಿ ಮರುಗಬೇಕಾದುದಿಲ್ಲ. ಆದರೆ ಅದೊಂದರ ನೆರಳಿನಲ್ಲಿ ನಮ್ಮ ಅನೇಕ ನುಡಿಗಳು ಬಾಡಬಾರದು. ಇಡ್ಲಿಗೆ ಉದ್ದನ್ನು ‘ನುಣ್ಣಗೆ’ ರುಬ್ಬಿ, ಅಕ್ಕಿಯನ್ನು ‘ತರಿತರಿ’ಯಾಗಿ ಉಳಿಸಬೇಕೆಂಬುದನ್ನು ಬಲ್ಲ ಗೃಹಿಣಿಯು, ಮನುಷ್ಯರ ಗುಣವನ್ನು ಹೇಳುವಾಗಲೂ ಅಷ್ಟೇ ವಿವೇಚನೆಯನ್ನು ತೋರಬೇಡವೆ? ಒಬ್ಬನು ಸಜ್ಜನ, ಒಬ್ಬನು ಸೌಮ್ಯ, ಒಬ್ಬನು ಉದಾರಿ, ಇನ್ನೊಬ್ಬನು ಬರಿಯ ಸವಿಮಾತಿನವನು. ಇವರೆಲ್ಲರನ್ನೂ ‘ನೈಸ್’ ಎಂದುಬಿಟ್ಟರೆ ಅಕ್ಕಿ, ರಾಗಿ, ಗೋಧಿಗಳನ್ನು ಒಂದೇ ಚೀಲಕ್ಕೆ ಸುರಿದಂತೆ.

ಆದುದರಿಂದ, ವಾಚಕರೆ, ವರನು ‘ನೈಸ್’ ಎಂದು ಯಾರಾದರೂ ಹೊಗಳಿದರೆ, ಕನ್ನಡದಲ್ಲಿ ಅದೇನೆಂದು ಒಮ್ಮೆ ಕೇಳಿ ನೋಡಿರಿ. ಅವನು ನಯವಂತನೋ, ನೈಸ್ ಮಾಡುವವನೋ ಎಂಬುದನ್ನು ಲಗ್ನಪತ್ರಿಕೆಗೆ ಮೊದಲೇ ತಿಳಿದುಕೊಳ್ಳುವುದು ಲೇಸು.