ಮಗು ಒಂದೆಡೆ ಕೂರುವುದಿಲ್ಲವೇ? ಫಾರ್ವರ್ಡ್ ನಂಬಿ ತೀರ್ಮಾನಕ್ಕೆ ಬರಬೇಡಿ

‘ನಿಮ್ಮ ಮಗುವಿಗೆ ಎಡಿಎಚ್‌ಡಿ ಇದೆಯೇ? 10 ಪ್ರಶ್ನೆಗೆ ಉತ್ತರಿಸಿ, ಎರಡೇ ನಿಮಿಷದಲ್ಲಿ ತಿಳಿಯಿರಿ’ ಎನ್ನುವಂಥ ಸಂದೇಶಗಳು ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಆಗಾಗ ಬರುತ್ತವೆ. ‘ಎಡಿಎಚ್‌ಡಿ ಎನ್ನುವುದೇ ಸುಳ್ಳು, ಸಕ್ಕರೆ ನಿಲ್ಲಿಸಿದರೆ ಸಾಕು’ ಎನ್ನುವ ಸಂದೇಶವೂ ಬರುತ್ತದೆ. ಮೊದಲನೆಯದನ್ನು ನಂಬಿದವರು ಗಾಬರಿಯಾಗುತ್ತಾರೆ, ಎರಡನೆಯದನ್ನು ನಂಬಿದವರು ವೈದ್ಯರ ಬಳಿ ಹೋಗುವುದನ್ನೇ ಮುಂದೂಡುತ್ತಾರೆ. ಅಷ್ಟರಲ್ಲಿ ಮಗು ‘ಸೋಮಾರಿ’, ‘ತರಲೆ’ ಎಂದು ಮನೆಯಲ್ಲೂ ಶಾಲೆಯಲ್ಲೂ ಬೈಸಿಕೊಳ್ಳುತ್ತಿರುತ್ತದೆ. ಹಾಗಾದರೆ ನಿಜ ಏನು?

ಎಡಿಎಚ್‌ಡಿ ಎಂದರೇನು?

ಗಮನ ನಿಲ್ಲಿಸಲು, ಒಂದೆಡೆ ಕೂರಲು, ಯೋಚಿಸಿ ಮುಂದುವರಿಯಲು ಮಗುವಿಗೆ ವಯಸ್ಸಿಗೆ ಮೀರಿದ ಕಷ್ಟವಾಗುವ ಸ್ಥಿತಿ ಇದು. ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ವಂಶವಾಹಿಗಳ ಪಾತ್ರ ದೊಡ್ಡದು. ತಾಯಿ ಮುದ್ದು ಮಾಡಿದ್ದರಿಂದಲೋ ತಂದೆ ಹೊಡೆಯದೇ ಇದ್ದದ್ದರಿಂದಲೋ ಬರುವುದಲ್ಲ. ಎಲ್ಲ ಮಕ್ಕಳೂ ಕುಣಿದು ಕುಪ್ಪಳಿಸುವುದಿಲ್ಲ. ಕೆಲವರು, ಅದರಲ್ಲೂ ಹೆಣ್ಣುಮಕ್ಕಳು, ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂತಿರುತ್ತಾರೆ. ಗಲಾಟೆ ಮಾಡದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ.

10 ಪ್ರಶ್ನೆಯಿಂದ ಗೊತ್ತಾಗುತ್ತದೆಯೇ?

ಇಲ್ಲ. ವೈದ್ಯರು ಬಳಸುವ ಮಾನದಂಡದ ಪ್ರಕಾರ, ಮಕ್ಕಳಲ್ಲಿ ಗಮನದ ಕೊರತೆಯ 9 ಲಕ್ಷಣಗಳಲ್ಲಿ ಅಥವಾ ಅತಿಚಟುವಟಿಕೆಯ 9 ಲಕ್ಷಣಗಳಲ್ಲಿ ಕನಿಷ್ಠ 6 ಇರಬೇಕು. ಅವು ಕನಿಷ್ಠ 6 ತಿಂಗಳಿಂದ ಕಾಣುತ್ತಿರಬೇಕು. ಕೆಲವಾದರೂ 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಿಸಿಕೊಳ್ಳಬೇಕು, ಮಗುವಿನ ಓದಿಗೋ ಒಡನಾಟಕ್ಕೋ ನಿಜವಾಗಿ ಅಡ್ಡಿಯಾಗುತ್ತಿರಬೇಕು.

ಕಿವಿ ಮಂದವಾಗಿದ್ದರೆ, ಬೋರ್ಡ್ ಸರಿಯಾಗಿ ಕಾಣದಿದ್ದರೆ, ರಾತ್ರಿ ಗೊರಕೆಯಿಂದ ನಿದ್ದೆ ಕೆಡುತ್ತಿದ್ದರೆ, ಕಲಿಕೆಯ ತೊಂದರೆ ಇದ್ದರೆ, ಮನೆಯಲ್ಲಿ ಜಗಳ ನಡೆಯುತ್ತಿದ್ದರೆ ಕೂಡ ಮಗುವಿನ ಗಮನ ನಿಲ್ಲದು. ಇವನ್ನು ಬೇರ್ಪಡಿಸುವುದು ಪರೀಕ್ಷೆ ಮಾಡುವ ವೈದ್ಯರಿಂದ ಮಾತ್ರ ಸಾಧ್ಯ.

‘ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲ್ಲಾಡುವುದಿಲ್ಲ, ಇನ್ನೆಲ್ಲಿಯ ಎಡಿಎಚ್‌ಡಿ?’

ಹಲವು ಪೋಷಕರು ಕೇಳುವ ಪ್ರಶ್ನೆ ಇದು. ಈ ಮಕ್ಕಳಲ್ಲಿ ಗಮನವೇ ಇಲ್ಲವೆಂದಲ್ಲ, ಬೇಕಾದಾಗ ಬೇಕಾದ ಕಡೆ ಅದನ್ನು ನಿಲ್ಲಿಸುವುದು ಕಷ್ಟ. ಮೊಬೈಲ್ ಆಟ ಕ್ಷಣಕ್ಕೊಂದು ಬಹುಮಾನ ಕೊಟ್ಟು ಗಮನವನ್ನು ತಾನೇ ಹಿಡಿದಿಡುತ್ತದೆ. ಮಗ್ಗಿ ಪುಸ್ತಕ ಹಾಗೆ ಮಾಡುವುದಿಲ್ಲ.

ಸಕ್ಕರೆ ಕಾರಣವೇ?

1994ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಮಕ್ಕಳಿಗೆಲ್ಲ ಸಕ್ಕರೆಯಿಲ್ಲದ ಪಾನೀಯವನ್ನೇ ಕೊಟ್ಟು, ಅರ್ಧದಷ್ಟು ತಾಯಂದಿರಿಗೆ ಮಾತ್ರ ‘ನಿಮ್ಮ ಮಗುವಿಗೆ ಸಕ್ಕರೆ ಕೊಟ್ಟಿದ್ದೇವೆ’ ಎಂದರು. ಆ ತಾಯಂದಿರು ತಮ್ಮ ಮಗ ಹೆಚ್ಚು ಚೇಷ್ಟೆ ಮಾಡಿದ ಎಂದರು! ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 1995ರ ವಿಶ್ಲೇಷಣೆಯಲ್ಲೂ ಸಕ್ಕರೆಯಿಂದ ಮಕ್ಕಳ ವರ್ತನೆ ಬದಲಾಗುವುದು ಕಂಡುಬರಲಿಲ್ಲ. ಹಲ್ಲು, ತೂಕದ ದೃಷ್ಟಿಯಿಂದ ಸಕ್ಕರೆ ಕಡಿಮೆ ಮಾಡುವುದು ಒಳ್ಳೆಯದೇ. ಆದರೆ ಅದು ಎಡಿಎಚ್‌ಡಿಗೆ ಚಿಕಿತ್ಸೆಯಲ್ಲ.

ಎಲ್ಲಿ ತೋರಿಸಬೇಕು?

ಮೊದಲು ಶಿಶುವೈದ್ಯರಿಗೆ ತೋರಿಸಿ. ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವನ್ನೂ ಕೇಳಬಹುದು. 2013ರಲ್ಲಿ ಶುರುವಾದ ಈ ಯೋಜನೆಯ ತಪಾಸಣಾ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಹೆಚ್ಚಿನ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ, ಧಾರವಾಡದ ಡಿಮ್ಹಾನ್ಸ್ ಇವೆ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಎಡಿಎಚ್‌ಡಿ ಇದೆಯೆಂದು ಹೇಳಲಾರದು. ನಿಮ್ಮ ಮಾತು, ಶಿಕ್ಷಕರ ಮಾತು, ಮಗುವನ್ನು ಗಮನಿಸುವುದು ಇವೇ ಆಧಾರ. ಆದ್ದರಿಂದ ಹೋಗುವ ಮೊದಲು ಎರಡು ವಾರ ಚಿಕ್ಕ ಟಿಪ್ಪಣಿ ಬರೆದಿಡಿ: ಯಾವ ಹೊತ್ತಿನಲ್ಲಿ, ಯಾವ ಕೆಲಸದಲ್ಲಿ ಕಷ್ಟವಾಯಿತು, ನಿದ್ದೆ ಎಷ್ಟಾಯಿತು. ಕ್ಲಾಸ್ ಟೀಚರ್‌ರಿಂದ ನಾಲ್ಕು ಸಾಲು ಬರೆಸಿಕೊಳ್ಳಿ. ಪ್ರಗತಿ ಪತ್ರ, ಒಂದೆರಡು ನೋಟ್‌ಬುಕ್ ಜೊತೆಗಿರಲಿ.

ಮಾತ್ರೆ ಕೊಟ್ಟೇ ಕೊಡುತ್ತಾರೆಯೇ?

ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮೊದಲ ಹೆಜ್ಜೆ ಪೋಷಕರಿಗೆ ತರಬೇತಿ. ದೊಡ್ಡ ಮಕ್ಕಳಿಗೆ ಅಗತ್ಯವಿದ್ದರೆ ಔಷಧವೂ ಸೇರುತ್ತದೆ. ಹಸಿವು, ನಿದ್ದೆ, ತೂಕ ನೋಡಿಕೊಂಡು ವೈದ್ಯರು ಪ್ರಮಾಣ ಹೊಂದಿಸುತ್ತಾರೆ. ಫಾರ್ವರ್ಡ್ ಓದಿ ಔಷಧ ಶುರು ಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ಕೆಲವು ಕೆಲಸಗಳಿಗೆ ವರದಿ ಬರುವವರೆಗೆ ಕಾಯಬೇಕಿಲ್ಲ. ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಲು ಶಾಲೆಯವರನ್ನು ಕೇಳಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಹೋಂವರ್ಕನ್ನು ಹತ್ತು-ಹದಿನೈದು ನಿಮಿಷದ ತುಂಡುಗಳಾಗಿ ಮಾಡಿ. ಮುಗಿಸಿದ ಕೂಡಲೇ ಮೆಚ್ಚಿ ಮಾತಾಡಿ.

ನಮ್ಮ ತೀರ್ಮಾನ: ಎಡಿಎಚ್‌ಡಿ ನಿಜವಾದ ಸ್ಥಿತಿ. ಸಕ್ಕರೆ ಅದರ ಕಾರಣವಲ್ಲ, ಮೊಬೈಲ್ ಪ್ರಶ್ನಾವಳಿಯಿಂದ ಅದನ್ನು ಪತ್ತೆ ಹಚ್ಚಲೂ ಆಗುವುದಿಲ್ಲ. ಅನುಮಾನವಿದ್ದರೆ ತಡಮಾಡದೆ ತೋರಿಸಿ. ಇಂಥ ಸಂದೇಶ ಗುಂಪಿಗೆ ಬಂದರೆ, ಅದರ ಕೆಳಗೆ 14416 ಎಂದು ಬರೆದು ಹಾಕಿ.